ಬಿಸಿಲೂರಿನವರಿಗೆ ಎಲುಬು ಸವೆಯಲ್ಲವೇ?

"ರಾಯಚೂರು, ಕೊಪ್ಪಳದವರಿಗೆ ಬಿಸಿಲಿಗೇನು ಬರ? ಡಿ ವಿಟಮಿನ್ ಪುಕ್ಕಟೆ ಸಿಗುತ್ತದೆ, ಎಲುಬು ಸವೆಯುವ ರೋಗ ನಮಗೆ ಬರಲ್ಲ" ಅಂತ ಒಂದು ವಾಟ್ಸಾಪ್ ಮೆಸೇಜ್ ಓಡಾಡುತ್ತಿದೆ. ಈ ರೋಗ ಅಂದರೆ ಆಸ್ಟಿಯೋಪೊರೋಸಿಸ್, ಎಲುಬು ಟೊಳ್ಳಾಗಿ ಸುಲಭವಾಗಿ ಮುರಿಯುವಂತಾಗುವುದು.

ಸತ್ಯಾಂಶ: ಇದು ಅರ್ಧ ನಿಜ. ಬಿಸಿಲು ಚರ್ಮಕ್ಕೆ ನೇರವಾಗಿ ತಾಗಿದರೆ ಡಿ ವಿಟಮಿನ್ ತಯಾರಾಗುತ್ತದೆ. ಆದರೆ ನಮ್ಮ ಏಪ್ರಿಲ್ ಬಿಸಿಲಿಗೆ ಯಾರು ಮೈಯೊಡ್ಡುತ್ತಾರೆ? ಹೊರಬಿದ್ದರೂ ತಲೆ ಮೇಲೆ ಸೆರಗು, ಮೈತುಂಬ ಬಟ್ಟೆ. ಕಿಟಕಿ ಗಾಜಿನ ಹಿಂದೆ ಕೂತರೆ ಉಪಯೋಗವಿಲ್ಲ. ಇಷ್ಟು ಬಿಸಿಲಿದ್ದರೂ ಭಾರತದಲ್ಲಿ ಡಿ ವಿಟಮಿನ್ ಕೊರತೆ ಸಾಮಾನ್ಯ.

ಡಿ ವಿಟಮಿನ್ ಕೆಲಸ ಕ್ಯಾಲ್ಸಿಯಂ ಹೀರಿಕೊಳ್ಳಲು ನೆರವಾಗುವುದು. ಊಟದಲ್ಲಿ ಕ್ಯಾಲ್ಸಿಯಂ ಇಲ್ಲದಿದ್ದರೆ ಅದೇನು ಮಾಡೀತು? 100 ಗ್ರಾಂ ಜೋಳದಲ್ಲಿ ಸುಮಾರು 28 ಮಿಲಿಗ್ರಾಂ ಕ್ಯಾಲ್ಸಿಯಂ. ರಾಗಿಯಲ್ಲಿ 350ರ ಆಸುಪಾಸು. ರೊಟ್ಟಿ ಬಿಡಿ ಅಂತಲ್ಲ, ಜೊತೆಗೆ ಮೊಸರು, ಗುರೆಳ್ಳು ಪುಡಿ, ಸೊಪ್ಪು ಇರಲಿ.

ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಹಾರ್ಮೋನ್ ಇಳಿದು ಎಲುಬು ಬೇಗ ಸವೆಯುತ್ತದೆ. ಅದನ್ನು ಬಿಸಿಲೊಂದೇ ತಡೆಯಲ್ಲ. ತಂಬಾಕು, ಬಹಳ ದಿನ ನುಂಗಿದ ಸ್ಟೀರಾಯ್ಡ್ ಮಾತ್ರೆಯೂ ಅಪಾಯವೇ. (ಬೋರ್‌ವೆಲ್ ನೀರಿನ ಫ್ಲೋರೈಡ್‌ನಿಂದ ಬರುವ ಎಲುಬಿನ ತೊಂದರೆ ಬೇರೆ, ಎರಡನ್ನೂ ಒಂದೇ ಅಂದುಕೊಳ್ಳಬೇಡಿ.)

ನೋವಿಲ್ಲ ಅಂತ ಸುಮ್ನೆ ಇರೋದೂ ತಪ್ಪು. ಬಹಳ ಸಲ ಎಲುಬು ಮುರಿದ ಮೇಲೇ ಗೊತ್ತಾಗುತ್ತದೆ. ಎಲುಬು ಎಷ್ಟು ಗಟ್ಟಿ ಅಂತ ಅಳೆಯುವ ಡೆಕ್ಸಾ ಸ್ಕ್ಯಾನ್‌ನಲ್ಲಿ ಟಿ-ಸ್ಕೋರ್ (ಆರೋಗ್ಯವಂತ ಯುವಜನರ ಎಲುಬಿಗೆ ಹೋಲಿಸಿ ಕೊಡುವ ಅಂಕ) ಮೈನಸ್ 2.5 ಅಥವಾ ಅದಕ್ಕೂ ಕೆಳಗಿದ್ದರೆ ಆಸ್ಟಿಯೋಪೊರೋಸಿಸ್. ವಯಸ್ಸು 65 ದಾಟಿದ ಹೆಂಗಸರು, ಸುಮ್ನೆ ಜಾರಿ ಬಿದ್ದದ್ದಕ್ಕೇ ಕೈಯೋ ಸೊಂಟವೋ ಮುರಿದವರು ಈ ಸ್ಕ್ಯಾನ್ ಬಗ್ಗೆ ಡಾಕ್ಟರನ್ನು ಕೇಳಿ. ಡಿ ವಿಟಮಿನ್ ಮಾತ್ರೆಯನ್ನೂ ಅವರು ಹೇಳಿದಷ್ಟೇ ತಗೊಳ್ಳಿ, ಜಾಸ್ತಿಯಾದರೆ ಕಿಡ್ನಿಗೆ ತೊಂದರೆ.