ಟ್ರಮಡಾಲ್ ಅಷ್ಟೇನೂ ಪಾಪದ ಮಾತ್ರೆ ಅಲ್ಲ

ದೀರ್ಘಕಾಲದ ನೋವಿಗೆ ಕೊಡುವ ಅಫೀಮಿನ ಜಾತಿಯ (ಒಪಿಯಾಯ್ಡ್) ಮದ್ದುಗಳಲ್ಲಿ ಟ್ರಮಡಾಲ್ ಹಗುರ, ಮಾರ್ಫಿನ್ ಅಪಾಯ ಅಂತ ಲೇಖನದಲ್ಲಿ ಬರೆದಿದ್ದೀರಿ. ಅರ್ಧ ಮಾತ್ರ ಸರಿ. ನಾನು ಮಂಗಳೂರಿನ ಒಂದು ಮೆಡಿಕಲ್‌ನಲ್ಲಿ ಕೆಲಸ ಮಾಡುತ್ತೇನೆ, ಹಳೇ ಚೀಟಿ ಹಿಡಿದುಕೊಂಡು "ಅದೇ ನೋವಿನ ಮಾತ್ರೆ ಕೊಡಿ ಅಕ್ಕ" ಅಂತ ಬರುವವರು ಜಾಸ್ತಿ.

ಟ್ರಮಡಾಲ್ ಶಕ್ತಿ ಮಾರ್ಫಿನ್‌ಗಿಂತ ತುಂಬಾ ಕಡಿಮೆ, ಹೌದು. ಆದರೆ ಅದರಿಂದ ಫಿಟ್ಸ್ ಬರಬಹುದು. ಖಿನ್ನತೆಗೆ ಮಾತ್ರೆ ತಗೊಳ್ಳುವವರಲ್ಲಿ ಎರಡೂ ಸೇರಿ ಸೆರೊಟೋನಿನ್ ಎಂಬ ಮೆದುಳಿನ ರಾಸಾಯನಿಕ ವಿಪರೀತ ಏರಿ ನಡುಕ, ಜ್ವರ, ಗಲಿಬಿಲಿ ಆಗುವುದುಂಟು. 2018ರಲ್ಲಿ ಟ್ರಮಡಾಲನ್ನು ಎನ್‌ಡಿಪಿಎಸ್ ಕಾಯ್ದೆಯಡಿ, ಅಂದರೆ ಮಾದಕ ವಸ್ತು ನಿಯಂತ್ರಣ ಕಾನೂನಿನಡಿ, ತಂದದ್ದು ಸುಮ್ನೆ ಅಲ್ಲ.

ಮಾರ್ಫಿನ್ ಕ್ಯಾನ್ಸರ್ ನೋವಿಗೆ ಇವತ್ತಿಗೂ ದೊಡ್ಡ ಆಸರೆ. ಕಿಡ್ನಿ ಕೆಟ್ಟವರಲ್ಲಿ ಮಾತ್ರ ಅದರ ಅಂಶ ಮೈಯಲ್ಲೇ ಉಳಿದು ಮಂಪರು ಬರುತ್ತದೆ, ಉಸಿರು ನಿಧಾನ ಆಗುತ್ತದೆ. ಅಂಥವರಿಗೆ ಡಾಕ್ಟರು ಇದೇ ಜಾತಿಯ ಬುಪ್ರೆನಾರ್ಫಿನ್ ಅಥವಾ ಫೆಂಟನಿಲ್ ಪ್ಯಾಚ್ (ಚರ್ಮಕ್ಕೆ ಅಂಟಿಸುವ ಮದ್ದಿನ ಪಟ್ಟಿ) ಯೋಚಿಸುತ್ತಾರೆ. ಫೆಂಟನಿಲ್ ಪ್ಯಾಚ್ ಸಾಮಾನ್ಯವಾಗಿ 72 ಗಂಟೆಗೆ ಒಂದು. ಈ ಜಾತಿಯ ಮದ್ದು ಮೊದಲು ತಗೊಂಡೇ ಇಲ್ಲದವರಿಗೆ ಅದು ಬೇಡವೇ ಬೇಡ. ಇನ್ನೊಂದು ವಿಷಯ ನಮ್ಮ ಊರಿನವರಿಗೆ ಹೇಳಲೇಬೇಕು: ಪ್ಯಾಚ್ ಹಾಕಿಕೊಂಡು ಹಂಡೆಯ ಸುಡುನೀರನ್ನು ಮೈಮೇಲೆ ಹುಯ್ದುಕೊಂಡರೆ, ಇಲ್ಲವೇ ಅದರ ಮೇಲೆ ಬಿಸಿನೀರಿನ ಚೀಲ ಇಟ್ಟರೆ, ಮದ್ದು ಒಮ್ಮೆಲೇ ಜಾಸ್ತಿ ಒಳಗೆ ಹೋಗುತ್ತದೆ, ಜೀವಕ್ಕೇ ಅಪಾಯ.

ಈ ಮದ್ದುಗಳಲ್ಲಿ ಯಾವುದೇ ಆಗಲಿ, ಜೊತೆಗೆ ಮದ್ಯ ಅಥವಾ ನಿದ್ದೆ ಮಾತ್ರೆ ಸೇರಿದರೆ ಉಸಿರೇ ನಿಲ್ಲಬಹುದು. ಇವುಗಳಿಂದ ಬರುವ ಮಲಬದ್ಧತೆ ತನ್ನಷ್ಟಕ್ಕೆ ಹೋಗುವುದಿಲ್ಲ, ಅದಕ್ಕೆ ಮದ್ದು ಮೊದಲೇ ಕೇಳಿ. ತಿಂಗಳುಗಟ್ಟಲೆ ತಗೊಂಡವರು ಒಮ್ಮೆಲೇ ಬಿಡಬೇಡಿ, ಡಾಕ್ಟರನ್ನು ಕೇಳಿ ನಿಧಾನವಾಗಿ ಇಳಿಸಿ. ದಯವಿಟ್ಟು ಇದನ್ನು ಲೇಖನಕ್ಕೆ ಸೇರಿಸಿ.