ಡಿಕ್ಕಿಯ ನಂದಾದೀಪ

ನಮ್ಮ ಭಾಮೈದ ಮನೆಗೆ ಬಂದ್ರೆ ಖಾಲಿ ಕೈಲಿ ಬರೋನಲ್ಲ, ಹಣ್ಣೋ ಸ್ವೀಟೋ ಇಲ್ದಿದ್ರೂ ಏನಾದ್ರೂ ಒಂದು ಐಡಿಯಾನಾದ್ರೂ ತಂದೇ ತರ್ತಾನೆ. ಹೋದ್ಸಲ ತಂದಿದ್ದು ಅವನ ಹಳೇ ಕಾರಿಂದ ಬಿಚ್ಚಿದ ಒಂದು ವೂಫರ್ ಡಬ್ಬ, ಜೊತೆಗೊಂದು ಆಂಪ್ಲಿಫೈಯರ್ರು. "ಭಾವ, ನಿಮ್ ವ್ಯಾಗನ್ ಆರ್‌ನಲ್ಲಿ ಹಾಡು ಕೇಳಿದ್ರೆ ಪಕ್ಕದ್ಮನೆ ರೇಡಿಯೋ ಕೇಳಿದಂಗಿರುತ್ತೆ, ಇದನ್ನ ಹಾಕ್ಸಿ ನೋಡಿ, ಸೀಟೇ ಮಸಾಜ್ ಮಾಡುತ್ತೆ" ಅಂದ. ಬಿಟ್ಟಿ ಅಂದ್ಮೇಲೆ ಬೇಡ ಅನ್ನೋಕೆ ಬಾಯಿ ಬರ್ಲಿಲ್ಲ. ಅವನ ಫ್ರೆಂಡೊಬ್ಬ ಶನಿವಾರ ಮಧ್ಯಾಹ್ನ ಬಂದು ಎರಡು ಗಂಟೇಲಿ ವೈರು ಎಳೆದು ಕೂರ್ಸಿ, ಎರಡು ಕಾಫಿ ಕುಡ್ದು ಹೋದ. ವೂಫರ್ ಡಬ್ಬ ಹಿಡೀಲಿ ಅಂತ ಡಿಕ್ಕಿ ಮೇಲಿನ ಹಲಗೆ ಕಿತ್ತು ಮನೇಲಿಟ್ವಿ. ಅದು ಈಗ್ಲೂ ಬೀರು ಹಿಂದೆ ಇದೆ, ದಿನಾ ಕಸ ಗುಡಿಸೋವಾಗ ನನ್ನ ಹೆಂಡ್ತಿ ಅದಕ್ಕೊಂದು ನನಗೊಂದು ಬೈತಾಳೆ.

ಭಾನುವಾರ ಸಂಜೆ ಎಲ್ಲರನ್ನೂ ಕೂರಿಸ್ಕೊಂಡು ಕನಕಪುರ ರೋಡಲ್ಲಿ ಒಂದು ರೌಂಡು ಹೊರಟ್ವಿ. ಸೌಂಡೇನೋ ಜೋರಾಗೇ ಇತ್ತು, ನಂಬರ್ ಪ್ಲೇಟು ಗಡಗಡ ಅಂತ ತಾಳ ಹಾಕ್ತಿತ್ತು, ಹಿಂದೆ ಕೂತಿದ್ದ ಅಪ್ಪ "ಯಾವುದೋ ವೀಲು ಲೂಸಾಗಿದೆ ನೋಡೋ" ಅಂತ ಎರಡು ಸಲ ಗಾಡಿ ನಿಲ್ಲಿಸಿದ್ರು. ಕತ್ತಲಾಗಿ ಹೆಡ್‌ಲೈಟ್ ಹಾಕಿದ್ಮೇಲೆ ಹೊಸ ತಮಾಷೆ ಶುರುವಾಯ್ತು. ವೂಫರ್‌ನ ಒಂದೊಂದು "ಧಡ್"ಗೂ ಹೆಡ್‌ಲೈಟ್ ಒಂದು ಸಲ ಮಂಕಾಗಿ ಮತ್ತೆ ಹತ್ಕೊಳ್ಳೋದು, ಮುಂದೆ ಹೋಗ್ತಿದ್ದ ಆಟೋದವನು ಕನ್ನಡೀಲಿ ನೋಡಿ ನಾನು ದಾರಿ ಕೇಳ್ತಿದೀನಿ ಅಂದ್ಕೊಂಡು ಎಡಕ್ಕೆ ಹೋದ, ನಾನು ಓವರ್‌ಟೇಕ್ ಮಾಡ್ಲಿಲ್ಲ, ಯಾಕಂದ್ರೆ ನಾನು ಕೇಳೇ ಇರ್ಲಿಲ್ಲ, ಅವನು ಮತ್ತೆ ಬಲಕ್ಕೆ ಬಂದ, ಅಷ್ಟರಲ್ಲಿ ಹಾಡಿಂದು ಪಲ್ಲವಿ ಬಂತು, ಮತ್ತೆ ಡಿಮ್ಮು ಡಿಪ್ಪು, ಕೊನೆಗೆ ಸಿಗ್ನಲ್‌ನಲ್ಲಿ ಪಕ್ಕಕ್ಕೆ ಬಂದು "ಏನ್ ಗುರೂ, ಜಾಗ ಬಿಟ್ರೂ ಹೋಗಲ್ಲ, ಬಿಡದಿದ್ರೂ ಸುಮ್ನಿರಲ್ಲ, ಮನೇಲಿ ಏನಾದ್ರೂ ಟೆನ್ಶನ್ನಾ?" ಅಂದ.

ನಾನು ಆಫೀಸಿಗೆ ಮೆಟ್ರೋದಲ್ಲಿ ಹೋಗೋನು, ಕಾರು ತೆಗೆಯೋದು ವಾರಕ್ಕೆ ಒಂದೆರಡು ಸಲ. ಮಂಗಳವಾರ ಬೆಳಗ್ಗೆ ಅಪ್ಪನ ಕಣ್ಣು ತೋರ್ಸೋಕೆ ಅಂತ ಹೋಗಿ ಕೀ ತಿರುಗಿಸಿದ್ರೆ "ಟಿಕ್". ಇನ್ನೊಂದ್ಸಲ, "ಟಿಕ್". ಮೂರನೇ ಸಲಕ್ಕೆ ಅದೂ ಇಲ್ಲ. ತಳ್ಳಿ ಸ್ಟಾರ್ಟ್ ಮಾಡೋಣ ಅಂದ್ರೆ ನಮ್ದು ಬೇಸ್‌ಮೆಂಟ್ ಪಾರ್ಕಿಂಗು, ಮುಂದೆ ಕಂಬ, ಹಿಂದೆ ಗೋಡೆ, ಇರೋ ಒಂದು ಇಳಿಜಾರೂ ರೋಡಿಂದ ನಮ್ ಕಡೆಗೇ ಇಳಿಯೋದು. ಮೂರನೇ ಮಹಡಿ ಅಂಕಲ್ಲು ತಮ್ಮ ಕಾರು ತಂದು ಕೇಬಲ್ ಹಾಕಿ ಎಬ್ಬಿಸಿ ಕೊಟ್ರು. ಗುರುವಾರ ಮತ್ತೆ ಟಿಕ್. ಮತ್ತೆ ಅಂಕಲ್ಲು, ಮತ್ತೆ ಕೇಬಲ್ಲು. ಈ ಸಲ ಅವರ ಮುಖದಲ್ಲಿ ನಗು ಇರ್ಲಿಲ್ಲ.

"ಭಾವ, ಬ್ಯಾಟ್ರಿ ಸಾಲ್ತಿಲ್ಲ" ಅಂತ ಫೋನಲ್ಲೇ ತೀರ್ಪು ಕೊಟ್ಟ ಭಾಮೈದ. ನನಗೂ ಹೌದನ್ನಿಸ್ತು. ಆವತ್ತು ರಾತ್ರಿ ಕಾಗದ ಪೆನ್ನು ಹಿಡ್ಕೊಂಡು ಕೂತೆ. ನಮ್ ಬ್ಯಾಟ್ರಿ 35 ಎಎಚ್ (ಆಂಪಿಯರ್ ಅವರ್), ಅಂದ್ರೆ ಲೆಕ್ಕದ ಪ್ರಕಾರ 1.75 ಆಂಪಿಯರ್‌ನಂತೆ 20 ಗಂಟೆ ಕೊಡೋ ತಾಕತ್ತು. ಆಂಪ್ಲಿಫೈಯರ್ ಡಬ್ಬದ ಮೇಲೆ 1000 ವ್ಯಾಟ್ ಅಂತ ಬೆಂಕಿ ಚಿತ್ರದ ಜೊತೆ ಬರೆದಿತ್ತು. 1000ನ 12 ವೋಲ್ಟಿಂದ ಭಾಗಿಸಿದ್ರೆ 83 ಆಂಪಿಯರ್, ನಮ್ಮನೆ ಗೀಸರ್ರೇ ತಗೊಳ್ಳೋದು ಒಂಬತ್ತು! ಬೆವರು ಬಂತು. (ಗೀಸರ್‌ಗೆ 230 ವೋಲ್ಟು, ಹಾಗಾಗಿ ಆ ಹೋಲಿಕೆಗೆ ಅರ್ಥ ಇಲ್ಲ ಅಂತ ಮಗಳು ಆಮೇಲೆ ಹೇಳಿದ್ಲು, ಹತ್ತನೇ ಕ್ಲಾಸು, ಎಲ್ಲಾ ಗೊತ್ತಿರುತ್ತೆ.) ಅವಳೇ ತೋರ್ಸಿದ್ದು, ಆ ಆಂಪ್ಲಿಫೈಯರ್‌ಗೆ ಚುಚ್ಚಿರೋ ಫ್ಯೂಸು ಬರೀ 30 ಆಂಪಿಯರಿಂದು, 30 ಇಂಟು 12 ಅಂದ್ರೆ 360, ಅದಕ್ಕಿಂತ ಜಾಸ್ತಿ ಎಳೆದ್ರೆ ಫ್ಯೂಸೇ ಸುಟ್ಟೋಗುತ್ತೆ, ಇನ್ನು 1000 ವ್ಯಾಟು ಎಲ್ಲಿಂದ ಬರುತ್ತಪ್ಪಾ ಅಂತ. ಮದುವೆ ಬಯೋಡೇಟಾದಲ್ಲಿ ಸಂಬಳ ಬರೆಯೋ ಹಾಗೆ ಇದೂ ಅಂತ ಸಮಾಧಾನ ಮಾಡ್ಕೊಂಡೆ. ಇನ್ನೊಂದು ವಿಷಯನೂ ಓದಿದ್ದೆ, ಬ್ಯಾಟ್ರಿ ಅನ್ನೋದು ಮನೆ ಮೇಲಿನ ಟ್ಯಾಂಕ್ ಇದ್ದಂಗೆ, ನೀರೆತ್ತೋ ಮೋಟರ್ರು ಇಂಜಿನ್ ಪಕ್ಕದ ಆಲ್ಟರ್ನೇಟರ್ರು, ಮೋಟರ್ ಚಿಕ್ಕದೇ ಇದ್ರೆ ಟ್ಯಾಂಕ್ ಎಷ್ಟು ದೊಡ್ಡದಿಟ್ರೂ ಪೂರ್ತಿ ಪ್ರಯೋಜನ ಇಲ್ಲ ಅಂತ. ಬೆಂಗಳೂರಲ್ಲಿರೋನಿಗೆ ಇದನ್ನ ಬಿಡಿಸಿ ಹೇಳೋದೇನೂ ಬೇಕಿಲ್ಲ. ಅರ್ಥ ಆಯ್ತು, ಆದ್ರೂ ದೊಡ್ಡ ಟ್ಯಾಂಕ್ ತರೋಕೇ ಹೊರಟೆ.

ಶನಿವಾರ ಜೆಸಿ ರೋಡು. ಅಂಗಡಿಯವನು "ಕೋಡ್ ಹೇಳಿ ಸಾರ್" ಅಂದ. ನಾನು ಜಾಣ, ಹಳೇ ಬ್ಯಾಟ್ರಿ ಮೇಲಿನ ಕೋಡನ್ನ ಫೋಟೋ ತೆಗೆದಿದ್ದೆ. ಮುವ್ವತ್ತೆಂಟು, ಬಿ, ಇಪ್ಪತ್ತು, ಆಮೇಲೆ ಒಂದು ಅಕ್ಷರ ಇರ್ಬೇಕಿತ್ತು, ಅದರ ಮೇಲೆ ನನ್ನ ಹೆಬ್ಬೆಟ್ಟು ಕೂತಿತ್ತು. "ಎಲ್ಲಾ ಒಂದೇ ಅಲ್ವಾ?" ಅಂದೆ. "ಬಿ24 ತಗೊಂಡೋಗಿ ಸಾರ್, 45 ಎಎಚ್, ವೂಫರ್ ಕುಣಿಯುತ್ತೆ" ಅಂತ ಒಂದನ್ನ ಎತ್ತಿ ಕೈಗಿಟ್ಟ. ಹನ್ನೆರಡು ಕೆಜಿ ಆದ್ರೂ ಇರ್ಬೇಕು, ಸೀಸ ಅಲ್ವಾ. ಕಾರು ಬೇಸ್‌ಮೆಂಟಲ್ಲಿ ಸತ್ತು ಬಿದ್ದಿದ್ರಿಂದ ಆಟೋದಲ್ಲಿ ಹೋಗಿದ್ದೆ, ಮಗು ಥರ ತೊಡೆ ಮೇಲೆ ಕೂರಿಸ್ಕೊಂಡು ಬಂದೆ, ಡ್ರೈವರ್ ಮಾತ್ರ ದಾರಿಯುದ್ದಕ್ಕೂ "ಆಸಿಡ್ ಚೆಲ್ಲಲ್ಲ ತಾನೇ ಸಾರ್" ಅಂತ ತಿರುತಿರುಗಿ ನೋಡ್ತಿದ್ದ.

ಭಾನುವಾರ ನಾನೂ ಭಾಮೈದನೂ ಬಾನೆಟ್ ಎತ್ತಿ, ಹತ್ತನೇ ನಂಬರ್ ಸ್ಪ್ಯಾನರ್ ಹಿಡ್ಕೊಂಡು ನಿಂತ್ವಿ. ಹಳೇದರ ಟರ್ಮಿನಲ್ ಮೇಲೆ ಬೂದಿ ಬಣ್ಣದ ಬೂಷ್ಟು ಬೆಳೆದಿತ್ತು, ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ಸುರಿದ್ರೆ ಬುಸ್ಸಂತ ನೊರೆ ಬಂದು ಎಲ್ಲಾ ಇಳೀತು, ಇಡೀ ಪ್ರಕರಣದಲ್ಲಿ ಸರಿಯಾಗಿ ಆಗಿದ್ದು ಇದೊಂದೇ ಕೆಲಸ. ಹೊಸದನ್ನ ಇಳಿಸಿದ್ರೆ ಟ್ರೇಗಿಂತ ಎರಡು ಬೆರಳು ಉದ್ದ. ಅದನ್ನ ಹೇಗೋ ಒತ್ತರಿಸಿ ಕೂರಿಸಿದ್ವಿ. ಆಮೇಲೆ ಕಂಡಿದ್ದು, ಪ್ಲಸ್ ಇರ್ಬೇಕಾದ ಕಡೆ ಮೈನಸ್ಸು, ಮೈನಸ್ ಇರ್ಬೇಕಾದ ಕಡೆ ಪ್ಲಸ್ಸು. ಕೊನೇ ಅಕ್ಷರ ಎಲ್ ಬದಲು ಆರ್ ಆಗಿದ್ರೆ ಆಗೋದು ಇದೇ. ಹೆಬ್ಬೆಟ್ಟಿನ ಕೆಲಸ! ನಮ್ಮಜ್ಜ ಹೆಬ್ಬೆಟ್ಟೊತ್ತಿ ಆಸ್ತಿ ಕಳ್ಕೊಂಡ್ರು ಅಂತ ಮನೇಲಿ ಈಗ್ಲೂ ಆಡ್ಕೋತಾರೆ, ಡಿಗ್ರಿ ಮಾಡಿದ ನಾನು ಅದೇ ಬೆರಳಲ್ಲಿ ಮುಗ್ಗರಿಸಿದ್ದೆ.

ಪ್ಲಸ್ ಕೇಬಲ್ಲು ಒಂದು ಗೇಣು ಕಮ್ಮಿ. "ಬ್ಯಾಟ್ರೀನೇ ತಿರುಗಿಸಿ ಇಡೋಣ ಭಾವ" ಅಂತ ತಿರುಗಿಸಿದ. ನಾನು ಉತ್ಸಾಹದಲ್ಲಿ ಮೊದಲು ಮೈನಸ್ ಬಿಗಿ ಮಾಡ್ಬಿಟ್ಟೆ. ಬಿಚ್ಚೋವಾಗ ಮೈನಸ್ ಮೊದಲು, ಹಾಕೋವಾಗ ಮೈನಸ್ ಕೊನೆಗೆ, ಇದು ಕಾರಿಂದ ಲಾರಿ ತನಕ ಎಲ್ಲದಕ್ಕೂ ನಿಯಮ, ಯಾಕಂದ್ರೆ ಕಾರಿನ ಬಾಡಿಯೆಲ್ಲಾ ಮೈನಸ್ಸೇ. ನನಗೆ ಇದು ಗೊತ್ತಿರ್ಲಿಲ್ಲ ಅಂತಲ್ಲ, ಪ್ಲಸ್ ನಟ್ಟಿಗೆ ಸ್ಪ್ಯಾನರ್ ಹಾಕಿ ತಿರುಗಿಸ್ತಿದ್ದಾಗ ಅದರ ಇನ್ನೊಂದು ತುದಿ ಬಾಡಿಗೆ ತಗುಲಿದ ಕ್ಷಣದಲ್ಲಿ ನೆನಪಾಯ್ತು. ಫಟ್! ನೀಲಿ ಕಿಡಿ. ಸ್ಪ್ಯಾನರ್ ಹಾರಿ ಅಂಕಲ್ ಕಾರಿನ ಕೆಳಗೆ ಹೋಯ್ತು. ಎತ್ತಿ ನೋಡಿದ್ರೆ ತುದೀಲಿ ಇಲಿ ಕಚ್ಚಿದಂಗೆ ಒಂದು ಕಚ್ಚು. ಭಾಮೈದ ಎಲ್ಲಿ ಅಂತ ನೋಡಿದ್ರೆ ಲಿಫ್ಟ್ ಹತ್ರ ನಿಂತಿದ್ದ.

ಮತ್ತೆ ಆಟೋ, ಮತ್ತೆ ಜೆಸಿ ರೋಡು, ಮತ್ತೆ ತೊಡೆ ಮೇಲೆ ಮಗು. ಅಂಗಡಿಯವನು ಒಂದು ಮಾತಾಡ್ದೆ ಎಲ್ ಕೊಟ್ಟ, ಹಳೇ ಬ್ಯಾಟ್ರಿ ಎಕ್ಸ್‌ಚೇಂಜಲ್ಲಿ ಒಂಬೈನೂರು ಕಳೆದ. ಹಾಕಿದ್ವಿ, ಪ್ಲಸ್ಸೇ ಮೊದಲು. ಕೀ ತಿರುಗಿಸಿದ ತಕ್ಷಣ ಎದ್ದಿತು, ಮೀಟರ್ ಇಟ್ರೆ ಇಂಜಿನ್ ಓಡ್ತಿರೋವಾಗ 14.1 ವೋಲ್ಟು. ಡ್ಯಾಶ್‌ಬೋರ್ಡ್ ಗಡಿಯಾರ ಮಾತ್ರ ಒಂದು ಗಂಟೆಗೆ ಹೋಗಿ ನಿಂತಿತ್ತು. ಹೆಂಡ್ತಿಗೆ ಕೇಸರಿಬಾತ್ ಮಾಡೋಕೆ ಹೇಳ್ದೆ.

ಬುಧವಾರ ಬೆಳಗ್ಗೆ ಟಿಕ್.

ನಾನು ಸ್ಟೇರಿಂಗ್ ಮೇಲೆ ತಲೆ ಇಟ್ಕೊಂಡು ಕೂತಿದ್ದೆ. ಹಾಲು ತರೋಕೆ ಹೊರಟಿದ್ದ ಅಪ್ಪ ಕಿಟಕಿ ಹತ್ರ ಬಂದು, "ಇವತ್ತು ಯಾಕೋ ನಿನ್ ಡಿಕ್ಕೀಲಿ ದೀಪ ಆರೋಗಿದೆ ಕಣೋ" ಅಂದ್ರು.

"ಯಾವ ದೀಪ?"

"ಅದೇ, ನೀಲಿದು. ದಿನಾ ಬೆಳಗಿನ ಜಾವ ಉರೀತಿರ್ತಿತ್ತಲ್ಲ. ಕಳೆದ ವಾರನೂ ಎರಡು ಸಲ ಆರೋಗಿತ್ತು."

"ಮತ್ತೆ ಹೇಳ್ಬಾರ್ದಾ ಅಪ್ಪ!"

"ನೀನೇ ಹಚ್ಚಿಟ್ಟಿದೀಯಾ ಅಂದ್ಕೊಂಡೆ. ಗಾಡಿಗೆ ಒಳ್ಳೇದಾಗ್ಲಿ ಅಂತ ನಂದಾದೀಪ ಏನಾದ್ರೂ ಬಂದಿದ್ಯೇನೋ ಈಗ."

ವಿಷಯ ಇಷ್ಟೇ. ಸ್ಟೀರಿಯೋ ಹಿಂದೆ ಹಳದಿ ವೈರಿಗೆ ಇಪ್ಪತ್ನಾಲ್ಕು ಗಂಟೆನೂ ಕರೆಂಟ್ ಇರುತ್ತೆ, ಕೆಂಪಿಗೆ ಕೀ ತಿರುಗಿಸಿದಾಗ ಮಾತ್ರ. ಆಂಪ್ಲಿಫೈಯರ್‌ಗೆ "ಏಳು, ಮಲ್ಕೋ" ಅಂತ ಹೇಳೋ ಸಣ್ಣ ನೀಲಿ ವೈರನ್ನ ಭಾಮೈದನ ಫ್ರೆಂಡು ಕೆಂಪಿಗೆ ಸೇರಿಸೋ ಬದಲು ಹಳದಿಗೆ ಸೇರಿಸಿದ್ದ. ಕನ್ನಡ ಬಾವುಟದ ಎರಡೂ ಬಣ್ಣ ಕಣ್ಮುಂದೆ ಇತ್ತು, ಪುಣ್ಯಾತ್ಮ ಅರಶಿನದಲ್ಲೇ ನಿಂತ್ಬಿಟ್ಟಿದ್ದ, ಕುಂಕುಮದ ತನಕ ಬರ್ಲೇ ಇಲ್ಲ. ಹಾಗಾಗಿ ನಾವೆಲ್ಲಾ ಮಲಗಿದ್ರೂ ಆಂಪ್ಲಿಫೈಯರ್ ತನ್ನ ನೀಲಿ ದೀಪ ಹಚ್ಕೊಂಡು ಎದ್ದು ಕೂತು, ಹಾಡೂ ಇಲ್ಲ ಪಾಡೂ ಇಲ್ಲ, ಹತ್ರಹತ್ರ ಒಂದು ಆಂಪಿಯರ್ ಕುಡೀತಾನೇ ಇತ್ತು. ನಲ್ಲಿ ಬಿಟ್ಕೊಂಡೇ ಇದೆ, ನಾನು ಟ್ಯಾಂಕ್ ಬದಲಾಯಿಸ್ತಿದ್ದೆ. ವೈರ್ ಕಿತ್ತು ಕೆಂಪಿಗೆ ಸುತ್ತಿ ಟೇಪ್ ಹಾಕೋಕೆ ಹಿಡಿದಿದ್ದು ಐದು ನಿಮಿಷ. ಬಾಸ್ ಹೊಡೆದಾಗ ಹೆಡ್‌ಲೈಟ್ ಈಗ್ಲೂ ಕಣ್ಣು ಮಿಟುಕಿಸುತ್ತೆ, ಅದು ಬ್ಯಾಟ್ರಿದಲ್ಲ, ಮೋಟರ್ದು, ಅದರ ಸುದ್ದಿಗೆ ನಾನು ಹೋಗಲ್ಲ.

ಹದಿನೈದು ದಿನ ಆದ್ಮೇಲೆ ಜೆಸಿ ರೋಡ್ ಕಡೆ ಹೋದಾಗ ಆ ಅಂಗಡಿ ಮುಂದೆ ಅವರದೇ ಡೆಲಿವರಿ ವ್ಯಾನು ಬಾನೆಟ್ ಎತ್ಕೊಂಡು ನಿಂತಿತ್ತು. ಒಳಗಿದ್ದ ಬ್ಯಾಟ್ರಿ ಪಕ್ಕದಲ್ಲಿ ನನ್ನ ಮಗಳು ಯಾವಾಗ್ಲೋ ಅಂಟಿಸಿದ್ದ ಮಿಕ್ಕಿ ಮೌಸ್ ಸ್ಟಿಕ್ಕರ್ರು. "ಚಾರ್ಜಿಗೆ ಹಾಕಿ ನೋಡ್ದೆ ಸಾರ್, ಕಲ್ಲಿದ್ದಂಗಿದೆ, ಯಾಕ್ ಕೊಟ್ರಿ?" ಅಂದ ಅಂಗಡಿಯವನು.

ಅಪ್ಪ ಮಾತ್ರ ಈಗ ಹಾಲಿಗೆ ಹೋಗೋ ಮುಂಚೆ ದಿನಾ ಡಿಕ್ಕಿ ಗಾಜಿಗೆ ಮುಖ ಒತ್ತಿ ನೋಡ್ತಾರೆ. ಮೇಲೆ ಬಂದು, ಮಲಗಿರೋ ನನ್ನನ್ನ ಎಬ್ಬಿಸಿ, "ಆರಿದೆ ಕಣೋ, ಮಲ್ಕೋ" ಅಂತಾರೆ.