ಏಳರ ಬೋಲ್ಟು

ಹಾಸನಾಂಬೆ ದರ್ಶನಕ್ಕೆ ಅಂತ ಜರ್ಮನಿಯ ಸ್ಟುಟ್‌ಗಾರ್ಟ್‌ನಿಂದ ಬಂದವನು ಎರಡನೇ ದಿನಕ್ಕೇ ಗ್ಯಾರೇಜಿನಲ್ಲಿ ಜಗಳಕ್ಕೆ ನಿಂತಿದ್ದೆ. ತಮ್ಮ ಎಲ್ಲಿಂದಲೋ ಬಿಬಿಎಸ್ ಕಂಪನಿಯ ಹಳೇ ಕಾರಿನ ಚಕ್ರ ನಾಲ್ಕು ತಂದಿಟ್ಟಿದ್ದ. ನಡುವಿನ ತಟ್ಟೆ, ಮುಂದಿನ ಅಂಚು, ಹಿಂದಿನ ಬಳೆ, ಹೀಗೆ ಮೂರು ತುಂಡು. ಮೂರನ್ನೂ ಹಿಡಿದಿಡಲು ಸುತ್ತ ಮೂವತ್ತು ಪುಟ್ಟ ಬೋಲ್ಟು. ಅರ್ಧಕ್ಕರ್ಧ ತುಕ್ಕು. ಹೊಸದು ಹಾಕೋಣವೆಂದರೆ ಅವು ಏಳು ಎಂಎಂ. ಊರಿನ ಹಾರ್ಡ್‌ವೇರ್ ಅಂಗಡಿಯ ಡಬ್ಬಗಳಲ್ಲಿ ಆರಿದೆ, ಎಂಟಿದೆ, ಏಳಿಲ್ಲ.

"ಎಂಟಕ್ಕೆ ತೂತು ದೊಡ್ಡದು ಮಾಡ್ತೀನಿ, ಕೂರುತ್ತೆ ಬಿಡಿ ಸಾರ್" ಅಂದರು ಮೇಸ್ತ್ರಿ. ತಮ್ಮನೂ ತಲೆಯಾಡಿಸಿದ.

ಈ "ಕೂರುತ್ತೆ ಬಿಡಿ" ನನಗೆ ಹುಟ್ಟಿದಾಗಿನಿಂದ ಪರಿಚಯ. ನಲ್ಲಿಯ ವಾಷರ್ರಿಗೂ ಅದೇ, ಹೆಣ್ಣು ಗಂಡಿನ ಜಾತಕಕ್ಕೂ ಅದೇ.

ಸ್ಟುಟ್‌ಗಾರ್ಟ್‌ನಲ್ಲಿ ನನ್ನದೇ ಚಕ್ರಕ್ಕೆ ಬೋಲ್ಟು ಕೊಳ್ಳಲು ಹೋಗಿದ್ದೆ. ಫಳಫಳ ಹೊಳೆಯುವ ಸ್ಟೇನ್‌ಲೆಸ್ ಆರಿಸಿ ಮುಂದಿಟ್ಟರೆ ಅಂಗಡಿಯ ಮುದುಕ ದುಡ್ಡೇ ಮುಟ್ಟಲಿಲ್ಲ. ಅಂಚಿನ ದಪ್ಪ ಎಷ್ಟು, ಅಳೆದಿದ್ದೀಯಾ ಅಂದ. ಇಲ್ಲ. ಹಾಗಾದರೆ ಅಳೆದುಕೊಂಡು ಬಾ. ಉದ್ದ ಕಡಿಮೆಯಾದರೆ ನಟ್ಟಿಗೆ ಪೂರ್ತಿ ಹಲ್ಲು ಸಿಗಲ್ಲ. ಆಮೇಲೆ ಬೇರೊಂದು ಉಕ್ಕಿನ ಬೋಲ್ಟಿನ ತಲೆಯ ಮೇಲಿನ ಅಂಕಿ ತೋರಿಸಿದ: 8.8. ಮೊದಲ ಎಂಟು ಅಂದರೆ ಚದರ ಮಿಲಿಮೀಟರಿಗೆ 800 ನ್ಯೂಟನ್ ಎಳೆತ ತಡೆಯಬೇಕು. ಎರಡನೇ ಎಂಟು ಅಂದರೆ ಅದರ ಶೇಕಡಾ 80ರವರೆಗೆ, ಅಂದರೆ 640ರವರೆಗೆ, ಎಳೆದು ಬಿಟ್ಟರೂ ಮೊದಲಿನ ಉದ್ದಕ್ಕೆ ಮರಳಬೇಕು. ನಾನು ಆರಿಸಿದ್ದ ಎ2-70 ದರ್ಜೆಯ ಸ್ಟೇನ್‌ಲೆಸ್ 450ಕ್ಕೇ ಮರಳದಷ್ಟು ಹಿಗ್ಗಿಬಿಡುತ್ತದಂತೆ. ಸಾಲದ್ದಕ್ಕೆ ಬಿಗಿಯುವಾಗ ನಟ್ಟಿನ ಹಲ್ಲಿಗೆ ಕಚ್ಚಿಕೊಂಡರೆ ಮುಂದೂ ಇಲ್ಲ, ಹಿಂದೂ ಇಲ್ಲ. ಅವತ್ತು ಕೋಪ ಬಂತು, ಬರಿಗೈಲಿ ಟ್ರಾಮ್ ಹತ್ತಿದೆ. ಹಾಸನದ ಗ್ಯಾರೇಜಿನಲ್ಲಿ ಡ್ರಿಲ್ಲು ಗುಂಯ್‌ಗುಟ್ಟಿದಾಗ ಆ ಮುದುಕನೇ ನೆನಪಾದ.

ನಿಲ್ಲಿಸಿದೆ. ತೂತು ಅಗಲವಾದಷ್ಟೂ ಅಂಚಿಗೆ ಉಳಿಯುವ ಲೋಹ ಕಡಿಮೆ ಅಂತ ಇಬ್ಬರಿಗೂ ಹೇಳಿದೆ. "ಫಾರಿನ್ನಿಗೆ ಹೋದ್ಮೇಲೆ ಎಲ್ಲಾದಕ್ಕೂ ಲೆಕ್ಕ ಕಣಣ್ಣ ನಿಂದು" ಅಂದ ತಮ್ಮ. ಶಿರಾಡಿ ಘಾಟಿ ಇಳಿಯುವಾಗ ಆ ಚಕ್ರದ ಮೇಲೆ ಕೂರುವವನು ಅವನೇ, ಹೆಂಡತಿ ಮಕ್ಕಳ ಸಮೇತ. ಲೆಕ್ಕ ಬೇಡವೇ?

ಇನ್ನೊಂದು ಸಂಗತಿ ಹೇಳದೆ ಬಿಡಬಹುದಿತ್ತು. ಜಗಳ ಮುಗಿದ ಮೇಲೆ ಮೇಸ್ತ್ರಿ ಮಾತಿಲ್ಲದೆ ಕೂತು, ತುಂಡು ಕೂಡುವ ಜಾಗದಲ್ಲಿ ಗಾಳಿ ಸೋರದಂತೆ ಹಚ್ಚಿದ್ದ ಹಳೇ ಸಿಲಿಕೋನ್ ಅಂಟನ್ನು ಬಿದಿರಿನ ಚಕ್ಕೆಯಿಂದ ಕೆರೆಯುತ್ತಿದ್ದರು. "ಕಬ್ಬಿಣ ತಾಗಿಸಿದ್ರೆ ಗೀರು ಬೀಳುತ್ತೆ ಸಾರ್, ಗಾಳಿ ನಿಲ್ಲಲ್ಲ." ನಾನು ಉಕ್ಕಿನ ಪಟ್ಟಿಯಲ್ಲಿ ಕೆರೆದಿದ್ದೆ. ಟಾರ್ಕ್ ರೆಂಚು ಹಿಡಿದು ಒಂದೊಂದನ್ನೂ ಅಳತೆಗೆ ಬಿಗಿದ ನನ್ನ ಚಕ್ರಕ್ಕೆ ಇವತ್ತಿಗೂ ಹದಿನೈದು ದಿನಕ್ಕೊಮ್ಮೆ ಗಾಳಿ ಹೊಡೆಸಬೇಕು. ತಮ್ಮನದು ಮೂರು ತಿಂಗಳಿಂದ ಒಂದಿಷ್ಟೂ ಇಳಿದಿಲ್ಲವಂತೆ, ಫೋನ್ ಮಾಡಿದಾಗಲೆಲ್ಲ ಅದನ್ನೇ ಹೇಳುತ್ತಾನೆ.

ಬೋಲ್ಟು ಮಾತ್ರ ನಾನು ಇಲ್ಲಿಂದ ಕಳಿಸಿದ್ದು. ಏಳು ಎಂಎಂ.